ಡಬ್ಬಿಗೆ ಬಿದ್ದ ಹಲ್ಲು

ಮಲ್ಲಿಕಸಾಬನಿಗೆ ಸೀನು ಬಂದಿತ್ತು, ಅಷ್ಟೇ. ಗೋವಿನಜೋಳದ ಧೂಳಿನಲ್ಲಿ ನಿಂತು ಕೆಲಸ ಮಾಡುವವನಿಗೆ ಸೀನು ಹೊಸದಲ್ಲ. ಆದರೆ ಆ ಮುಂಜಾನೆ ಬಂದದ್ದು ಮೂಗಿನೊಳಗೆ ಬಹಳ ಹೊತ್ತು ಅಡ್ಡಾಡಿ, ಬರಲೋ ಬೇಡವೋ ಎಂದು ಯೋಚಿಸಿ, ಕಡೆಗೆ ಮೈಯನ್ನೆಲ್ಲ ಎತ್ತಿ ಕುಕ್ಕಿದಂಥ ಸೀನು. ಅದರ ಹಿಂದೆಯೇ ಅವನ ಮೇಲುಸಾಲಿನ ಹಲ್ಲಿನ ಸೆಟ್ಟು ಬಾಯಿಂದ ಹೊರಟು, ಗಾಳಿಯಲ್ಲಿ ಒಮ್ಮೆ ನಕ್ಕಂತೆ ಮಾಡಿ, ಕಾಲಬುಡದ ಹಾಪರಿನ ಜಾಳಿಗೆಯ ಮೇಲೆ ಬಿತ್ತು.

ಬಿದ್ದದ್ದು ಅಲ್ಲಿಯೇ ನಿಲ್ಲಬೇಕಿತ್ತು. ಟ್ರ್ಯಾಕ್ಟರಿನಿಂದ ಸುರಿದ ಜೋಳದಲ್ಲಿ ಕಲ್ಲು, ದಿಂಡು, ಹರಿದ ಚಪ್ಪಲಿ ಏನಿದ್ದರೂ ಮೇಲುಳಿದು, ಕಾಳು ಮಾತ್ರ ಕೆಳಗಿನ ಕುಣಿಗೆ ಇಳಿಯಲಿ ಎಂದೇ ಜಾಳಿಗೆ ಹಾಕಿರುವುದು. ಆದರೆ ಅದರ ಒಂದು ಸಲಾಕೆಯನ್ನು ಮ್ಯಾನೇಜರ ರವಿಕುಮಾರ ಬೇಸಿಗೆಯಲ್ಲಿ ಬಿಚ್ಚಿಕೊಂಡು ಹೋಗಿ, ತನ್ನ ಆಫೀಸಿನ ಕಿಟಕಿ ಮುಚ್ಚಿಕೊಳ್ಳದಂತೆ ಊರುಗೋಲು ಮಾಡಿಕೊಂಡಿದ್ದ. ಹಲ್ಲು ಹುಡುಕಿಕೊಂಡು ಹೋದಂತೆ ಆ ಸಂದಿಗೇ ಸರಿದು, ಕಾಳಿನ ಜೊತೆ ಕೆಳಗಿಳಿಯಿತು.

ಶಿಗ್ಗಾಂವದ ಹೊರಗೆ ಹೈವೇ ಬದಿಗೆ ಚನ್ನೇಶನ ಯಾರ್ಡು. ಅಲ್ಲಿಯ ಯಂತ್ರಗಳನ್ನು ಚನ್ನೇಶ ಹೊಸದಾಗಿ ಕೊಂಡವನಲ್ಲ. ಬಳ್ಳಾರಿ ಕಡೆ ಮುಚ್ಚಿಹೋದ ಯಾವುದೋ ಅದಿರಿನ ಯಾರ್ಡಿನಿಂದ ಕಳಚಿ, ಲಾರಿಗೆ ಹೇರಿಕೊಂಡು ತಂದವು. ಜನ್ಮವೆಲ್ಲ ಅದಿರು ಹೊತ್ತ ಬೆಲ್ಟಿಗೆ ಕೆಂಪು ಇನ್ನೂ ಬಿಟ್ಟಿರಲಿಲ್ಲ. ಅದರ ಮೇಲೆ ಸಾಗಿದ್ದೆಲ್ಲ ತುಸು ಕೆಂಪು ಮೋರೆ ಮಾಡಿಕೊಂಡೇ ಹೋಗುತ್ತಿತ್ತು. ಕುಣಿಯ ಕಾಳನ್ನು ಬೆಲ್ಟು ಒಯ್ದು ಎಲಿವೇಟರಿಗೆ ಕೊಡಬೇಕು. ಎಲಿವೇಟರಿನ ಡಬರಿಗಳು ಒಂದರ ಹಿಂದೊಂದು ಅದನ್ನು ಎತ್ತಿ, ತಗಡಿನ ಸೈಲೋದ ನೆತ್ತಿಗೆ ಸುರಿಯಬೇಕು. ದೇವಸ್ಥಾನಕ್ಕಿಂತ ಎತ್ತರದ ಆ ಸೈಲೋಕ್ಕೆ ಯಾರ್ಡಿನವರು ಡಬ್ಬಿ ಎನ್ನುತ್ತಿದ್ದರು. ಡಬ್ಬಿಯ ಬುಡದಲ್ಲಿ ಒಂದು ಗೇಟು. ತೆಗೆದರೆ ಕಾಳು ಸೀದಾ ಲಾರಿಗೆ ಇಳಿಯುತ್ತದೆ.

ಮಲ್ಲಿಕಸಾಬ ಬೆಲ್ಟಿನ ಕಡೆ ಓಡಿದ. ಬೆಲ್ಟಿನ ಉದ್ದಕ್ಕೂ ಒಂದು ಹಗ್ಗ ಎಳೆದು ಕಟ್ಟಿತ್ತು. ಅಪಾಯವಾದರೆ ಎಲ್ಲಿಂದ ಜಗ್ಗಿದರೂ ಬೆಲ್ಟು ನಿಲ್ಲಬೇಕು. ಅವನು ಇದ್ದ ಬಲವನ್ನೆಲ್ಲ ಹಾಕಿ ಜಗ್ಗಿದ. ಕಸ ಗುಡಿಸುವ ಹುಚ್ಚವ್ವನ ಹಸಿ ಸೀರೆ, ರವಿಕುಮಾರನ ಟಾವೆಲ್ಲು, ಯಾರದೋ ಬನಿಯನ್ನು ಅವನ ತಲೆಯ ಮೇಲೆ ಬಿದ್ದವು. ಬೆಲ್ಟು ನಿಲ್ಲಲಿಲ್ಲ.

ಅದು ನಿಲ್ಲುವಂತೆಯೂ ಇರಲಿಲ್ಲ. ಯಾರ್ಡಿನವರು ಬಟ್ಟೆ ಒಣಹಾಕುತ್ತಿದ್ದದ್ದು ಅದೇ ಹಗ್ಗಕ್ಕೆ. ಹಸಿ ಬಟ್ಟೆಯ ಭಾರಕ್ಕೆ ಬೆಲ್ಟು ಮೇಲಿಂದ ಮೇಲೆ ನಿಲ್ಲತೊಡಗಿದಾಗ ಬಟ್ಟೆ ತೆಗೆಯಿರಿ ಎಂದು ಯಾರೂ ಹೇಳಲಿಲ್ಲ. ಹಗ್ಗದ ತುದಿಯ ಸ್ವಿಚ್ಚನ್ನೇ ತಂತಿಯಿಂದ ಬಿಗಿದು ಕಟ್ಟಿಬಿಟ್ಟಿದ್ದರು. ಕಟ್ಟಿದವನು ಸ್ವತಃ ಮಲ್ಲಿಕಸಾಬ.

ಬಾಯಿಗೆ ಕೈ ಅಡ್ಡ ಹಿಡಿದು ಅವನು ಆಫೀಸಿಗೆ ಓಡಿದ. ರವಿಕುಮಾರ ಫೋನಿನಲ್ಲಿದ್ದ.

"ಬಂದ್ ಮಾಡ್ರಿ! ಮಿಶನ್ ಬಂದ್ ಮಾಡ್ರಿ!"

"ಯಾಕ್ರಿ ಮಲ್ಲಿಕಸಾಬ, ಬಾಯಿಗೆ ಯಾಕ ಕೈ ಹಿಡದೀರಿ? ಹಲ್ಲ ನೂಸಾಕತ್ತಾವೇನು?"

"ನೂಸಾಕ ಹಲ್ಲ ಇದ್ರ ತಾನ? ಹಲ್ಲ ಡಬ್ಬಿ ಕಡೆ ಹೊಂಟಾವು!"

ರವಿಕುಮಾರನಿಗೆ ತಿಳಿಯಲು ಒಂದು ಹೊತ್ತು, ನಗಲು ಇನ್ನೊಂದು ಹೊತ್ತು ಬೇಕಾಯಿತು. ನಕ್ಕು ಮುಗಿಸಿ ಅವನು ಬಟನ್ನು ಒತ್ತುವಾಗ ಡಬ್ಬಿಯ ಬುಡದಲ್ಲಿ ಆಗಷ್ಟೇ ತುಂಬಿದ ಡ್ರೈವರ ಫಾರೂಕನ ಲಾರಿ ಹಾರ್ನು ಹೊಡೆದು ಯಾರ್ಡಿನ ಗೇಟು ದಾಟಿ ಹೋಯಿತು. ಅದರ ಕಡೆ ಯಾರೂ ನೋಡಲಿಲ್ಲ.

ಮಲ್ಲಿಕಸಾಬ ಬೆಲ್ಟಿನ ಬದಿಗೆ ಕುಸಿದು ಕುಳಿತ. ಆ ಸಂಜೆ ಅವನ ಮಗಳು ಗುಲ್ನಾರಳನ್ನು ನೋಡಲು ಹಾನಗಲ್ಲಿನಿಂದ ಬೀಗರು ಬರುವವರಿದ್ದರು. ಇದಕ್ಕೂ ಮೊದಲು ಬಂದಿದ್ದವರು ಹುಡುಗಿಯನ್ನು ಒಪ್ಪಿ, ಮಲ್ಲಿಕಸಾಬನ ಬೋಡು ಬಾಯಿ ನೋಡಿ ಎದ್ದುಹೋಗಿದ್ದರು. "ಅಪ್ಪ ಇಷ್ಟು ಮುಪ್ಪಾಗ್ಯಾನ, ನಾಳೆ ಗಂಟುಮೂಟೆ ಕಟ್ಟಿಕೊಂಡು ಅಳಿಯನ ಮನಿಗೆ ಬರಾಂವ" ಎಂದು ಅವರು ಹೇಳಿದ್ದು ಓಣಿಯೆಲ್ಲ ಸುತ್ತಿ ಬಂದಿತ್ತು. ಹಲ್ಲು ಕಟ್ಟಿಸಿದ್ದು ಆಮೇಲೆ. ಈ ಸಲದ ಸಂಬಂಧ ಫಾರೂಕ ತಂದದ್ದು. ಲೋಡು ಒಯ್ಯುವ ದಾರಿಯಲ್ಲಿ ಯಾರ ಮನೆಯಲ್ಲಿ ಮದುವೆಗೆ ಬಂದ ಹುಡುಗ ಇದ್ದಾನೆ ಎಂಬುದು ಅವನಿಗೆ ಯಾವಾಗಲೂ ಗೊತ್ತಿರುತ್ತದೆ. ಹುಡುಗನ ಫೋಟೋ ನೋಡಿ ಗುಲ್ನಾರ ಏನೂ ಹೇಳಿರಲಿಲ್ಲ; ಆದರೆ ಅದನ್ನು ತಿರುಗಿ ಕೊಟ್ಟಿರಲೂ ಇಲ್ಲ.

ಮುಂಜಾನೆ ಮನೆ ಬಿಡುವಾಗ ಹೆಂಡತಿ ಮಾಬೂಬಿ ಒಂದೇ ಮಾತು ಹೇಳಿದ್ದಳು. "ಅಂಗಿ ಹೊಲಸಾದ್ರ ನಾ ತೊಳೀತೇನಿ. ಬಾಯಿ ಮಾತ್ರ ಹೋದಂಗ ಬರ್ರಿ."

ಸುದ್ದಿ ಹಬ್ಬಿ ಯಾರ್ಡಿನ ಜನವೆಲ್ಲ ಸೇರಿತು. ಹುಚ್ಚವ್ವ ಕಸಬರಿಗೆ ಹಿಡಿದುಕೊಂಡೇ ಬಂದಳು. ಲೋಡಿಗೆ ಕಾಯುತ್ತಿದ್ದ ಲಾರಿಗಳ ಡ್ರೈವರರು ಬೀಡಿ ಆರಿಸಿ ಬಂದರು. ಬೆಲ್ಟನ್ನು ಕೈಯಿಂದ ತಡವಿ ನೋಡಿದರು, ಕುಣಿ ನೋಡಿದರು, ಡಬರಿಗಳಲ್ಲಿ ಕೈಯಾಡಿಸಿದರು. ಹಲ್ಲು ಅದೆಲ್ಲವನ್ನೂ ದಾಟಿ ಡಬ್ಬಿ ಸೇರಿತ್ತು.

"ಚಿಂತಿ ಮಾಡಬ್ಯಾಡ್ರಿ" ಎಂದ ರವಿಕುಮಾರ. "ಕಡೀಕ ಬಿದ್ದದ್ದು ಮ್ಯಾಲ ಇರ್ತೈತಿ. ಮನ್ಯಾಗ ಅಕ್ಕಿ ಡಬ್ಬಿಯೊಳಗ ಉಂಗುರ ಬಿದ್ರ ಎಲ್ಲಿ ಇರ್ತೈತಿ? ಮ್ಯಾಲ. ಇದೂ ಡಬ್ಬಿನ."

ಏಣಿ ಹತ್ತಿ ನೆತ್ತಿಯ ಬಾಗಿಲು ತೆಗೆದು ಮೊಬೈಲಿನ ಬೆಳಕು ಬಿಟ್ಟು ನೋಡಿದರೆ ಒಳಗೆ ರಾಶಿಯೇ ಇರಲಿಲ್ಲ. ಸುತ್ತಲೂ ಕಾಳು ಗೋಡೆಯಂತೆ ನಿಂತು, ನಡುವೆ ದೊಡ್ಡ ತಗ್ಗು ಬಿದ್ದಿತ್ತು. ಮಲ್ಲಿಕಸಾಬ ಬಾಗಿಲೊಳಗೆ ಕಾಲು ಇಳಿಬಿಟ್ಟ. ಇಬ್ಬರು ಅವನ ಪೈಜಾಮ ಹಿಡಿದು ಜಗ್ಗಿದರು. ಡಬ್ಬಿಯ ಕಾಳಿನ ಮೇಲೆ ಇಳಿದವನನ್ನು ಕಾಳು ನುಂಗುತ್ತದೆ ಎಂಬುದು ಅಲ್ಲಿ ಎಲ್ಲರಿಗೂ ಗೊತ್ತಿತ್ತು.

"ಬೀಗರು ಬರೂದರಾಗ ಹೆಣ ಆಗ್ತೀರೇನು?" ಎಂದು ಕೆಳಗಿನಿಂದ ಹುಚ್ಚವ್ವ ಒದರಿದಳು.

"ಆದ್ರ ಚೊಲೋನ" ಎಂದ ಮಲ್ಲಿಕಸಾಬ. "ಹೆಣದ ಬಾಯಿ ಯಾರೂ ನೋಡೂದಿಲ್ಲ."

ಹೇಗೂ ಲಾರಿಗಳಿಗೆ ಲೋಡು ಮಾಡುವುದಿತ್ತು. ಗೇಟು ತೆಗೆದು, ಬುಡದಲ್ಲಿ ಜರಡಿ ಹಿಡಿದು ನೋಡುತ್ತ ಹೋಗುವುದೆಂದು ರವಿಕುಮಾರ ತೀರ್ಮಾನಿಸಿದ. ಜರಡಿಯಲ್ಲಿ ಮೊದಲು ಬಂದದ್ದು ರವಿಕುಮಾರನದೇ ಬೈಕಿನ ಕೀಲಿ. ಅದನ್ನು ಕದ್ದವನೆಂದು ಅವನು ಹೋದ ತಿಂಗಳು ವಾಚಮನ್‌ನನ್ನು ಕೆಲಸದಿಂದ ಬಿಡಿಸಿದ್ದ. ಆಮೇಲೆ ಹುಚ್ಚವ್ವನ ಎಲೆಅಡಿಕೆಯ ಚೀಲ ಬಂತು. "ಅಯ್ಯ ನನ ಬಂಗಾರ!" ಎಂದು ಅವಳು ಅದನ್ನು ಕಣ್ಣಿಗೊತ್ತಿಕೊಂಡಳು. ಒಂದು ಬಾಚಣಿಗೆ, ಒಂದು ಚಪ್ಪಲಿ, ಚನ್ನೇಶ ಬಿಸಿಲಲ್ಲಿ ಕಣ್ಣಿಗೆ ಹಾಕುತ್ತಿದ್ದ ತಂಪು ಚಾಳೀಸಿನ ಒಂದು ಗಾಜು. ಒಂದೊಂದು ವಸ್ತು ಬಂದಾಗಲೂ ಅದರ ಒಡೆಯ ಸಿಕ್ಕಿ ಸಂತೋಷಪಟ್ಟು ಹೋಗುತ್ತಿದ್ದ. ಮಲ್ಲಿಕಸಾಬನೊಬ್ಬ ಕಣ್ಣು ಕೀಳದೆ ಧಾರೆಯನ್ನೇ ನೋಡುತ್ತ ನಿಂತಿದ್ದ. ಊರವರ ಕಳೆದ ಸಾಮಾನೆಲ್ಲ ಹೊಟ್ಟೆಯೊಳಗಿಟ್ಟುಕೊಂಡಿದ್ದ ಡಬ್ಬಿ ಅವನದನ್ನು ಮಾತ್ರ ಕೊಡಲೊಲ್ಲದಾಗಿತ್ತು.

ಊಟದ ಹೊತ್ತು ಮೀರಿತು. ಬೇಸತ್ತ ರವಿಕುಮಾರ, ಮೇಲೆ ಬಿದ್ದದ್ದು ಕೆಳಗೆ ಬರಲು ಎಷ್ಟು ಹೊತ್ತು ಬೇಕು ನೋಡೋಣವೆಂದು ತನ್ನ ಬುತ್ತಿಯ ಟೊಮೆಟೊ ಹಿಡಿದು ಏಣಿ ಹತ್ತಿದ. ನೆತ್ತಿಯಿಂದ ನಡುವಿನ ತಗ್ಗಿಗೆ ಅದನ್ನು ಒಗೆದು, "ಬಿಟ್ಟೆ!" ಎಂದು ಕೂಗಿ, ಸಾವಕಾಶ ಇಳಿಯತೊಡಗಿದ. ಅವನ ಕಾಲು ನೆಲಕ್ಕೆ ತಾಗುವ ಮೊದಲೇ ಟೊಮೆಟೊ ಜರಡಿಯಲ್ಲಿತ್ತು.

ಎಲ್ಲರೂ ಅದನ್ನು ನೋಡುತ್ತ ನಿಂತರು. ಸುತ್ತಲಿನ ಕಾಳು ನಿಂತಲ್ಲೇ ನಿಂತಿತ್ತು. ನಡುವಿನದು ಮಾತ್ರ ಕೊಳವೆಯಲ್ಲಿ ಇಳಿದಂತೆ ಇಳಿಯುತ್ತಿತ್ತು. ಈ ಡಬ್ಬಿಯಲ್ಲಿ ಕಡೆಗೆ ಬಿದ್ದದ್ದು ಮೊದಲು ಹೊರಗೆ!

"ಅಂದ್ರ..." ಎಂದ ರವಿಕುಮಾರ.

"ಅಂದ್ರ ನನ್ನ ಹಲ್ಲು ಆವಾಗಲೇ ಫಾರೂಕನ ಲಾರಿಯೊಳಗ ಹೋದ್ವು" ಎಂದು ಮಲ್ಲಿಕಸಾಬ ನೆಲಕ್ಕೆ ಕುಳಿತ.

ಫಾರೂಕನಿಗೆ ಫೋನು ಹಚ್ಚಿದರು. ಸ್ವಿಚ್ಚಾಫ್. ಲೋಡು ಹೋದದ್ದು ಯಾರಿಗೆ ಎಂದರೆ ರವಿಕುಮಾರ ಹೆಗಲು ಕುಣಿಸಿದ. "ಅಂವನ ಹಿಡದ ಪಾರ್ಟಿ. ಅಂವಗ ಗೊತ್ತು, ಅಂವನ ಲಾರಿಗೆ ಗೊತ್ತು."

ಅಷ್ಟರಲ್ಲಿ ಹುಚ್ಚವ್ವ ಸೀರೆಯ ಸೆರಗಿನಿಂದ ಬಾಯಿ ಒರೆಸಿಕೊಂಡು ಮೆಲ್ಲಗೆ ಹೇಳಿದಳು. "ನಮ್ಮ ಮನಿಯವರವು ಅದಾವರಿ."

"ಏನು?"

"ಹಲ್ಲು. ಕಟ್ಟಿಸಿಕೊಂಡು ನಾಕ ದಿನ ರೊಟ್ಟಿ ತಿಂದ್ರು, ಹೋಗಿಬಿಟ್ರು. ಗ್ವಾಡಿ ಮಾಡದಾಗ ಜ್ವಾಕಿಯಿಂದ ಇಟ್ಟೇನಿ. ಇವತ್ತೊಂದ ಸಂಜಿ ಹಾಕ್ಕೊಳ್ರಿ. ಆದ್ರ ನಾಳೆ ಹಿರ್ಯಾರ ಅಮಾಸಿ. ಎಡಿ ಮುಂದ ಅವರ ಚಾಳೀಸು, ತಂಬಾಕದ ಡಬ್ಬಿ, ಹಲ್ಲು ಎಲ್ಲಾ ಇಡಬೇಕು. ಇವತ್ತ ರಾತ್ರಿನ ತೊಳದು ಇಡಾಕಿ ನಾನು. ದೀಪ ಹಚ್ಚೂದರಾಗ ತಿರಿಗಿ ಕೊಡ್ರಿ ಮತ್ತ."

"ದೀಪ ಹಚ್ಚೂದರಾಗ ಅವರು ಬಂದು ಹೋಗಿರ್ತಾರವ್ವ" ಎಂದು ಮಲ್ಲಿಕಸಾಬ ಅವಳ ಕೈ ಹಿಡಿದ.

ಹುಚ್ಚವ್ವನ ಮನೆ ಅವನ ಮನೆಯ ಹಿಂದಿನ ಓಣಿಯಲ್ಲಿ. ಅವಳ ಗಂಡ ದೊಡ್ಡ ದವಡೆಯ ಆಳು. ಆ ಹಲ್ಲನ್ನು ಹಾಕಿಕೊಂಡ ಮೇಲೆ ಮಲ್ಲಿಕಸಾಬನ ತುಟಿಗಳು ಕೂಡಲಿಲ್ಲ. ಒಳಗೆ ಎಂಥ ಸಂಕಟವಿದ್ದರೂ ಹೊರಗೆ ಸದಾ ನಗುವವನ ಮುಖವಾಯಿತು. ಮಾಬೂಬಿ ಬಾಗಿಲಲ್ಲೇ ನಿಂತು ಗಂಡನನ್ನು ನೋಡಿದಳು.

"ಇವು ಯಾರವು?"

ಅವನು ಹೇಳಿದ. ಅವಳು ಅಳಲು ಕುಳಿತವಳು, ಅಳಲು ಹೊತ್ತಿಲ್ಲವೆಂದು ನೆನಪಾಗಿ ಎದ್ದು, ಬೀಗರಿಗೆ ಚಹಾದ ಜೊತೆ ಕೊಡಲು ತಂದಿದ್ದ, ಬೆಳ್ಳುಳ್ಳಿ ಹಾಕಿ ಕರಿದ ಸವಣೂರಿನ ಖಾರದ ಪೊಟ್ಟಣ ಬಿಚ್ಚಿದಳು. "ಮಾತಾಡಬ್ಯಾಡ್ರಿ. ತಿನ್ನಬ್ಯಾಡ್ರಿ. ಸುಮ್ಮನ ಗೋಣು ಹಾಕ್ರಿ."

ಬೀಗರು ಹೇಳಿದ ಹೊತ್ತಿಗೆ ಬರಲಿಲ್ಲ. ಹೊತ್ತು ಮುಳುಗಿತು. ಓಣಿಯ ದೀಪ ಹತ್ತಿದವು. ಮಲ್ಲಿಕಸಾಬ ಹೊರಗೆ ಇಣುಕುತ್ತ, ಹಿಂದಿನ ಓಣಿಯ ಕಡೆ ಕಿವಿಗೊಡುತ್ತ, ನಗುತ್ತ ಕುಳಿತಿದ್ದ. ಕಡೆಗೆ ಮನೆಯ ಮುಂದೆ ಲಾರಿಯೊಂದು ನಿಂತಿತು. ಫಾರೂಕ ಇಳಿದ. ಅವನ ಹಿಂದೆಯೇ ಬಂದ ಕಾರಿನಿಂದ ಹುಡುಗನ ತಂದೆ ಅಕ್ಬರಸಾಬ ಮತ್ತು ಅವನ ಹೆಂಡತಿ ಇಳಿದರು.

"ತಡಾ ಆತು, ಮಾಫ ಮಾಡ್ರಿ" ಎನ್ನುತ್ತ ಅಕ್ಬರಸಾಬ ಚಾಪೆಯ ಮೇಲೆ ಕುಳಿತ. ಭಾರೀ ಆಳು, ಭಾರೀ ದನಿ. "ಇವತ್ತ ನಮ್ಮ ಕೋಳಿ ಫಾರ್ಮಿನ್ಯಾಗ ಒಂದ ರಂಪ ಆತ್ರಿ. ಅದಕ್ಕ ತಡಾ."

ಗುಲ್ನಾರ ಚಹಾ ತಂದಳು. ಅಕ್ಬರಸಾಬನ ಹೆಂಡತಿ ಅವಳನ್ನು ಬದಿಗೆ ಕುಳ್ಳಿರಿಸಿಕೊಂಡು, ಬಂದ ಕೆಲಸ ಮುಗಿಯಿತು ಎಂಬಂತೆ ಕೈ ಹಿಡಿದಳು. ಮಾಬೂಬಿಯ ಮುಖ ಅರಳಿತು. ಮಲ್ಲಿಕಸಾಬನದು ಮೊದಲೇ ಅರಳಿತ್ತು.

"ಬೀಗರು ನಗಮುಖದ ಮನಷ್ಯಾರು" ಎಂದ ಅಕ್ಬರಸಾಬ. "ಹಲ್ಲರ ನೋಡ್ರಿ, ಈ ವಯಸ್ಸಿನ್ಯಾಗ ಹೆಂಗ ಗಟ್ಟಿ ಅದಾವು! ಮೈಯಾಗ ಜಡ್ಡಿಲ್ಲದ ಮನೆತನ ಅಂದ್ರ ಹಿಂಗಿರಬೇಕು. ಅಂದಂಗ ಫಾರೂಕ ಹೇಳಿದ, ನೀವು ಚನ್ನೇಶನ ಯಾರ್ಡಿನ್ಯಾಗ ಮಿಶನ್ನಿಗೆಲ್ಲಾ ಮುಖ್ಯಸ್ಥರಂತ. ನಿಮ್ಮ ಕಡೆನ ಒಂದ ಕೆಲಸ ಐತಿ."

ಅವನು ಕಿಸೆಯಿಂದ ಕರವಸ್ತ್ರದ ಗಂಟು ತೆಗೆದು ಬಿಚ್ಚಿದ. ಒಳಗೆ, ಸವಣೂರಿನ ಎಲೆ ಹಾಕಿಕೊಂಡ ಬಾಯಂತೆ ಕೆಂಪಾಗಿ, ಮಲ್ಲಿಕಸಾಬನ ಮೇಲುಸಾಲು ಇತ್ತು.

"ನಿಮ್ಮ ಯಾರ್ಡಿನ ಗೊಂಜಾಳದಾಗ ಬಂದಾವ್ರಿ ಇವು! ನಮ್ಮ ಗಿರಣಿ ಜಾಳಿಗಿ ಗಟ್ಟಿ ಇತ್ತು, ತಡೀತು. ಇಲ್ಲಾಂದ್ರ ಕೋಳಿ ತಿಂದು ಸಾಯ್ತಿದ್ವು. ಲೋಡ್ ತಿರಿಗಿ ತಂದೇನಿ, ಹೊರಗ ನಿಂತೈತಿ ನೋಡ್ರಿ. ನಾಳೆ ಹೋದ ಕೂಡಲೆ ಈ ಹಲ್ಲಿನ ಮನಷ್ಯಾ ಯಾವಾಂವ ಅಂತ ಹುಡುಕಿ, ಕೆಲಸದಿಂದ ಹೊರಗ ಹಾಕ್ರಿ ನೀವು. ಏನಂತೀರಿ?"

ಮಲ್ಲಿಕಸಾಬ ಗೋಣು ಹಾಕಿದ. ಫಾರೂಕ ಒಮ್ಮೆ ಕರವಸ್ತ್ರ ನೋಡಿದ, ಒಮ್ಮೆ ಮಲ್ಲಿಕಸಾಬನ ಹೊಸ ನಗೆ ನೋಡಿದ, ಆಮೇಲೆ ಜಂತಿಗಳನ್ನು ಎಣಿಸತೊಡಗಿದ.

"ಇಡ್ರಿ ಅದನ್ನ ಇಲ್ಲೆ" ಎಂದು ಮಾಬೂಬಿ ಮೆಲ್ಲಗೆ ಕೈ ಚಾಚಿದಳು. "ನಾಳೆ ಸಾಕ್ಷಿಗೆ ಬೇಕಾಗ್ತಾವಲ್ರಿ."

"ಬ್ಯಾಡವ್ವ ಬ್ಯಾಡ" ಎಂದಳು ಅಕ್ಬರಸಾಬನ ಹೆಂಡತಿ. "ಯಾವ ಸತ್ತಾವನ ಹಲ್ಲೋ ಏನೋ! ಶುಭಕಾರ್ಯದ ಮನ್ಯಾಗ ಸತ್ತವರ ಹಲ್ಲ ಇಡಬಾರದು."

"ಖರೆ" ಎಂದ ಅಕ್ಬರಸಾಬ. ಕುಳಿತಲ್ಲಿಂದಲೇ ಕರವಸ್ತ್ರವನ್ನು ಕಿಟಕಿಯ ಹೊರಗೆ ಝಾಡಿಸಿದ. ಮಳೆಯ ನೀರು ಹರಿಯುತ್ತಿದ್ದ ಗಟಾರದಲ್ಲಿ ಪಚಕ್ಕನೆ ಸಪ್ಪಳವಾಯಿತು. ತನ್ನ ಹಲ್ಲು ಊರ ಕೆರೆಯ ಕಡೆ ಹೊರಟ ಸಪ್ಪಳ ಕೇಳಿಯೂ ಮಲ್ಲಿಕಸಾಬ ನಗುತ್ತಲೇ ಇದ್ದ. ಏನಾದರೂ ಮಾಡಬೇಕೆಂದು ಕೈಗೆ ಸಿಕ್ಕ ಖಾರವನ್ನು ಬಾಯಿಗೆ ಹಾಕಿಕೊಂಡ.

"ಹಂಗಾರ ಮುಂದಿನ ಮಾತು" ಎಂದು ಅಕ್ಬರಸಾಬ ಗಂಟಲು ಸರಿಮಾಡಿಕೊಂಡ. "ನಮಗ ಹುಡುಗಿ ಒಪ್ಪಿಗಿ. ದಿನಾ..."

ಹಿತ್ತಲ ಬಾಗಿಲು ಕಿರ್ರೆಂದಿತು. ಹುಚ್ಚವ್ವ ಒಂದು ಕೈಯಲ್ಲಿ ತಂಬಿಗೆ ನೀರು, ಇನ್ನೊಂದು ಕೈಯಲ್ಲಿ ಹಿತ್ತಾಳೆಯ ತಟ್ಟೆ ಹಿಡಿದು ಒಳಗೆ ಬಂದಳು. ತಟ್ಟೆಯಲ್ಲಿ ತಿಕ್ಕಿ ತೊಳೆದ ಚಾಳೀಸು, ತಂಬಾಕದ ಡಬ್ಬಿ, ಅವುಗಳ ನಡುವೆ ಖಾಲಿ ಜಾಗ. ಬೀಗರು ಹೋಗಿರಬೇಕೆಂದು ತಿಳಿದು ಬಂದವಳು ಅವರನ್ನು ಕಂಡು ಬಾಗಿಲಲ್ಲೇ ನಿಂತಳು. ಆದರೆ ದೀಪ ಹಚ್ಚಿ ಬಹಳ ಹೊತ್ತಾಗಿತ್ತು. ಗಂಡನ ವಿಷಯದಲ್ಲಿ ಅವಳು ಯಾರ ಮುಲಾಜನ್ನೂ ಹಿಡಿದವಳಲ್ಲ.

"ಮಲ್ಲಿಕಸಾಬ, ತಪ್ಪ ತಿಳೀಬ್ಯಾಡ್ರಿ. ನಮ್ಮ ಮನಿಯವರ ಹಲ್ಲ ಕೊಡ್ರಿ."

ಅಕ್ಬರಸಾಬ ಹುಚ್ಚವ್ವನನ್ನು ನೋಡಿದ. ತಟ್ಟೆಯ ಖಾಲಿ ಜಾಗ ನೋಡಿದ. ಮಲ್ಲಿಕಸಾಬನ ಬಾಯಿ ನೋಡಿದ. ಕಟ್ಟಕಡೆಗೆ ಕಿಟಕಿಯ ಕಡೆ ನೋಡಿದ. ಅವನ ಹೆಂಡತಿ ಗುಲ್ನಾರಳ ಕೈ ಬಿಟ್ಟು ಸೆರಗು ಸರಿಮಾಡಿಕೊಂಡಳು.

ಮಲ್ಲಿಕಸಾಬ ಕುಳಿತಲ್ಲೇ ಆ ಕಡೆ ತಿರುಗಿ, ಹಲ್ಲನ್ನು ತೆಗೆದು ತಟ್ಟೆಯ ನಡುವೆ ಇಟ್ಟ. ಆ ಸಂಜೆ ಮೊದಲ ಸಲ ಅವನ ಮುಖದ ಮೇಲಿನ ನಗೆ ಹೋಯಿತು. ಹೊರಗೆ ಕಾರಿನ ಬಾಗಿಲು ಹಾಕಿದ ಸಪ್ಪಳ ಕೇಳಿಸಿತು. ಗುಲ್ನಾರ ಎದ್ದು ಒಳಗಿನ ಕೋಣೆಗೆ ಹೋಗಿ, ಹುಡುಗನ ಫೋಟೋವನ್ನು ತಂದು ಫಾರೂಕನ ಕೈಗೆ ಕೊಟ್ಟು ಹೋದಳು.

ಹುಚ್ಚವ್ವ ದೀಪದ ಬೆಳಕಿಗೆ ಹಲ್ಲನ್ನು ಹಿಡಿದು ಮೂಸಿ ನೋಡಿದಳು.

"ಬಳ್ಳೊಳ್ಳಿ ವಾಸನಿ ಬರಾಕತ್ತೈತಲ್ರಿ" ಎಂದಳು. "ತೊಳದರ ಕೊಡೂದಲ್ಲೇನ್ರಿ?"