ಗೋಪಾಲಪ್ಪನ ಅಂಗಾಲಿನ ಆಣಿ

ಗೋಪಾಲಪ್ಪನ ಎಡ ಅಂಗಾಲಿನಲ್ಲಿ, ಹೆಬ್ಬೆರಳಿನ ಬುಡಕ್ಕೆ, ಹುಣಸೆಬೀಜದಷ್ಟು ದೊಡ್ಡ ಆಣಿ ಎದ್ದಿತ್ತು. ಇಪ್ಪತ್ತೆರಡು ವರ್ಷ ದೊಡ್ಡಬಳ್ಳಾಪುರದ ಪವರ್‌ಲೂಮಿನ ಕಲ್ಲುಚಪ್ಪಡಿ ಮೇಲೆ ಬರಿಗಾಲಲ್ಲಿ ನಿಂತು ಸೀರೆ ನೇಯ್ದದ್ದಕ್ಕೆ ಸಿಕ್ಕ ಬಹುಮಾನ ಅದು. ಅವನು ಕುಂಟುತ್ತಾ ಮಗ್ಗದ ಆ ಕಡೆ ತಲುಪುವಷ್ಟರಲ್ಲಿ ಎಳೆ ಕಿತ್ತು ಸೀರೆ ಹಾಳಾಗಿರುತ್ತಿತ್ತು. ಮಾಲೀಕ ವೇಣುಗೋಪಾಲ್ ಶುಕ್ರವಾರ ಸಂಜೆ ಕಡ್ಡಿ ಮುರಿದಂತೆ ಹೇಳಿದ್ದ: "ಸೋಮವಾರ ನೆಟ್ಟಗೆ ನಡ್ಕೊಂಡು ಬಾ. ಇಲ್ಲಾಂದ್ರೆ ಮಗ್ಗ ಬೇರೆಯವನಿಗೆ. ನೀನು ಮೂಲೇಲಿ ಕೂತ್ಕೊಂಡು ನೂಲು ಸುತ್ತು."

ನೂಲು ಸುತ್ತಬೇಕಂತೆ! ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದವರು ಮಾಡುವ ಕೆಲಸ ಅದು. ಗೋಪಾಲಪ್ಪನಿಗೆ ಮೈಯೆಲ್ಲ ಉರಿಯಿತು.

ಶನಿವಾರ ಬೆಳಿಗ್ಗೆ ಹೆಂಡತಿ ಪಿಳ್ಳಮ್ಮ ದೇವರ ಗೂಡಿನ ಮುಂದೆ ಕೂತು ಅರಿಶಿನದ ಬಟ್ಟೆಯಲ್ಲಿ ಏನೋ ಗಂಟು ಕಟ್ಟುತ್ತಿದ್ದಳು. ಅದೇನೆಂದು ಕೇಳುವ ತಾಳ್ಮೆ ಅವನಿಗಿರಲಿಲ್ಲ. ಜಗಲಿಗೆ ಬಂದು ಕೂತ. ಕೂತದ್ದೇ ತಪ್ಪಾಯಿತು, ಎದುರು ಮನೆಯ ಪಾಪಯ್ಯ ಹಾಜರಾದ. ಬೇರೆಯವರ ಕಾಯಿಲೆಯೆಂದರೆ ಪಾಪಯ್ಯನಿಗೆ ಹಬ್ಬ.

"ಏನ್ಲಾ ಗೋಪಾಲ, ಇನ್ನೂ ಹೋಗಿಲ್ವಾ ಅದು? ಕಾಲು ಚಾಚು, ಬ್ಲೇಡಲ್ಲಿ ಕೆತ್ತಿಬಿಡ್ತೀನಿ."

"ಪೆನ್ಸಿಲ್ ಅಂದ್ಕೊಂಡಿದೀಯಾ ನನ್ನ ಕಾಲನ್ನ?"

"ಹಂಗಾದ್ರೆ ಬೆಳ್ಳುಳ್ಳಿ, ಸುಣ್ಣ. ನಮ್ಮಜ್ಜಿ ಮದ್ದು."

ಬೇಡ ಎನ್ನುವಷ್ಟರಲ್ಲಿ ಮದ್ದು ಅಂಗಾಲಿಗೆ ಮೆತ್ತಿ, ಬಟ್ಟೆ ಬಿಗಿದೂ ಆಗಿತ್ತು. ಎರಡೇ ನಿಮಿಷಕ್ಕೆ ಕಾಲು ಕೆಂಡ ತುಳಿದಂತೆ ಚುರುಗುಟ್ಟಿತು. ಗೋಪಾಲಪ್ಪ ಒಂಟಿಕಾಲಲ್ಲಿ ಕುಪ್ಪಳಿಸುತ್ತಾ ಬೀದಿಗಿಳಿದು, ಕಣ್ಣಿಗೆ ಬಿದ್ದ ಮೊದಲ ಬಕೆಟ್ಟಿನಲ್ಲಿ ಕಾಲು ಅದ್ದಿದ. ಅದು ಪಕ್ಕದ ಮನೆಯ ಪವಿತ್ರ ಆಗಷ್ಟೇ ನಲ್ಲಿಯಲ್ಲಿ ಹಿಡಿದಿಟ್ಟ ಕುಡಿಯುವ ನೀರು.

"ಅಣ್ಣಾ, ವಾರಕ್ಕೊಂದ್ಸಲ ನೀರು ಬಿಡ್ತಾರೆ! ನಿಮ್ಮ ಕಾಲಿನ ಬೆಳ್ಳುಳ್ಳಿ ಸಾರು ಕುಡೀಬೇಕಾ ನಾವು?"

ಬೀದಿಯೆಲ್ಲ ಸೇರಿತು. ಒಬ್ಬರು ಈರುಳ್ಳಿ ಕಟ್ಟಿ ಎಂದರು, ಇನ್ನೊಬ್ಬರು ಎಕ್ಕದ ಹಾಲು ಬಿಡಿ ಎಂದರು. ಪಾಪಯ್ಯ ಮಾತ್ರ, "ಉರೀತಿದ್ರೆ ಮದ್ದು ಹಿಡೀತಿದೆ ಅಂತ ಅರ್ಥ. ತೊಳ್ದು ಕೆಡಿಸ್ಬಿಟ್ಟ," ಎಂದು ಗೊಣಗಿದ.

"ಇದು ನನ್ನ ಕಾಲು ಕಣ್ರಯ್ಯಾ! ಬೀದಿ ನಲ್ಲಿ ಅಲ್ಲ, ಬಂದೋರೆಲ್ಲ ತಿರುಗ್ಸೋಕೆ!" ಎಂದು ಅರಚಿ, ಗೋಪಾಲಪ್ಪ ಆಟೋ ಹತ್ತಿ ಆಸ್ಪತ್ರೆಗೆ ಹೋದ.

ಡಾಕ್ಟರ್ ಸಿಂಧು ಕಾಲು ನೋಡಿ, "ಬೇಗ ತೊಳೆದಿದ್ದಕ್ಕೆ ಬಚಾವಾದ್ರಿ," ಎಂದರು. ಬಿಸಿನೀರಲ್ಲಿ ನೆನೆಸಿ, ಗಟ್ಟಿ ಚರ್ಮವನ್ನು ಪದರ ಪದರವಾಗಿ ಸವರಿ ತೆಗೆದರು. ನೋವೇ ಆಗಲಿಲ್ಲ.

"ಇಷ್ಟೇ, ಗೋಪಾಲಪ್ಪನವರೇ. ದಿನಾ ಬಿಸಿನೀರಲ್ಲಿ ಕಾಲಿಟ್ಟು ಮೆತ್ತಗೆ ಉಜ್ಜಿ, ಕೊಬ್ಬರಿ ಎಣ್ಣೆ ಹಚ್ಚಿ. ಮಗ್ಗದ ಹತ್ರಾನೂ ಮೆತ್ತನೆ ಚಪ್ಪಲಿ ಹಾಕ್ಕೊಳ್ಳಿ. ಚರ್ಮ ಈಗ ಎಳೆಮಗೂದಿದ್ದಂಗಿದೆ, ಬರಿಗಾಲಲ್ಲಿ ಒಂದು ಹೆಜ್ಜೆನೂ ಬೇಡ."

ಹೊಸ ಚಪ್ಪಲಿ ಮೆಟ್ಟಿಕೊಂಡು ಗೋಪಾಲಪ್ಪ ಮದುವೆ ಗಂಡಿನ ಹಾಗೆ ನೆಟ್ಟಗೆ ನಡೆದು ಬೀದಿಗೆ ಬಂದ. ವೇಣುಗೋಪಾಲ್ ಬೇಕಾದರೆ ಈಗಲೇ ಬಂದು ನೋಡಲಿ!

ಪಿಳ್ಳಮ್ಮ ಅವನ ನಡಿಗೆ ನೋಡಿದವಳೇ ಒಳಗೋಡಿ ಅರಿಶಿನದ ಗಂಟನ್ನು ತಂದು ಕಣ್ಣಿಗೊತ್ತಿಕೊಂಡಳು.

"ನಂಗೊತ್ತಿತ್ತು ಕಣ್ರೀ! ಬೆಳಿಗ್ಗೇನೇ ಘಾಟಿ ಸುಬ್ರಹ್ಮಣ್ಯನಿಗೆ ಹರಕೆ ಕಟ್ಟಿದ್ದೆ. ಆಣಿ ಹೋದ ಮಾರನೇ ದಿನಾನೇ ನಮ್ಮನೆಯವರು ಬರಿಗಾಲಲ್ಲಿ ನಿನ್ನ ಗುಡಿವರೆಗೂ ನಡ್ಕೊಂಡು ಬರ್ತಾರಪ್ಪಾ ಅಂತ."

"ನನ್ನ ಕಾಲಿಗೆ ನನ್ನನ್ನೇ ಕೇಳ್ದೆ ಹರಕೆನಾ? ಅಷ್ಟು ದೂರ ಬರಿಗಾಲಲ್ಲಿ ನಡೆದ್ರೆ ನಾಡಿದ್ದು ಮಗ್ಗ ಹೋಗುತ್ತೆ ಕಣೇ! ನೀನೇ ನಡ್ಕೊಂಡು ಹೋಗು!"

"ಆಣಿ ಬಂದಿದ್ದು ನಂಗಾ? ದೇವ್ರಿಗೆ ಮಾತು ಕೊಟ್ಟಾಗಿದೆ. ತಪ್ಪಿದ್ರೆ ಇನ್ನೊಂದು ಕಾಲಿಗೂ ಬರುತ್ತೆ ಅಷ್ಟೆ."

ಬೀದಿಯವರೆಲ್ಲ ಹೌದೌದು ಎಂದರು. ಪಾಪಯ್ಯ ಬಗ್ಗಿ ಅಂಗಾಲನ್ನು ತಿರುಗಿಸಿ ನೋಡಿ ಹಣೆ ಚಚ್ಚಿಕೊಂಡ.

"ಅಯ್ಯೋ, ಇಷ್ಟು ನುಣ್ಣಗೆ ಕೆತ್ತಿಸ್ಕೊಂಡು ಬಂದಿದೀಯಲ್ಲೋ! ಆ ಗಟ್ಟಿ ಚರ್ಮ ಇದ್ದಿದ್ರೆ ದಾರಿ ಕಲ್ಲು ಚುಚ್ತಿತ್ತೇನ್ಲಾ?"

ಸೋಮವಾರ ಗೋಪಾಲಪ್ಪ ಬೊಬ್ಬೆಯೆದ್ದ ಎರಡೂ ಕಾಲಲ್ಲಿ ಕುಂಟುತ್ತಾ ಫ್ಯಾಕ್ಟರಿಗೆ ಹೋಗಿ, ಹೊಸ ಚಪ್ಪಲಿಯನ್ನು ಪಕ್ಕಕ್ಕಿಟ್ಟು, ಮೂಲೆಯಲ್ಲಿ ನೂಲು ಸುತ್ತಲು ಕೂತ.