ನೀಲಿ ಚುಕ್ಕೆಯ ಕೊಳ

ಪೇಪರಿನವರ ಮುಂದೆ ಆ ಒಂದು ಮಾತು ಆಡದಿದ್ದರೆ ನಮ್ಮ ನಕಾಶೆ ಗುಮಾಸ್ತರ ಭಾನುವಾರ ಮಂಚದ ಮೇಲೇ ಸುಖವಾಗಿ ಮುಗಿಯುತ್ತಿತ್ತು. ಆರು ಪತ್ತೇದಾರಿ ಕಾದಂಬರಿ ಬರೆದವರು. ಆರರಲ್ಲೂ ಊರ ಹಿಂದಿನ ಬೆಟ್ಟದಲ್ಲೇ ಕೊಲೆ. "ಇಂಥ ಕತೆ ಹೇಗೆ ಹೊಳೀತವೆ ಸಾರ್?" ಎಂದು ಕೇಳಿದ್ದಕ್ಕೆ, "ಆ ಬಂಡೆಗಳೇ ಹೇಳಿಕೊಡ್ತವೆ. ದಿನಾ ಬೆಳಗ್ಗೆ ಬೆಟ್ಟ ಹತ್ತಿ, ಕಿವಿಗೊಟ್ಟು ಕೂರ್ತೀನಿ" ಅಂದುಬಿಟ್ಟಿದ್ದರು. ಅದು ಅಚ್ಚಾಗಿಯೂ ಬಿಟ್ಟಿತು.

ನಿಜ ಹೇಳಬೇಕೆಂದರೆ, ಸರ್ವೆ ಕಚೇರಿಯ ಹದಿನಾಲ್ಕು ಮೆಟ್ಟಿಲಿಗೇ ಅವರು ಎರಡು ಸಲ ನಿಂತು ಸುಧಾರಿಸಿಕೊಳ್ಳುತ್ತಿದ್ದರು. ಬೆಟ್ಟವನ್ನು ಕಂಡದ್ದೆಲ್ಲ ಕಚೇರಿಯ ಗೋಡೆಯ ಹಳೇ ನಕಾಶೆಯಲ್ಲಿ. ಅದರ ನಡುವಿನ ನೀಲಿ ಚುಕ್ಕೆಯೇ ಅವರ ಕಾದಂಬರಿಗಳ ತಳವಿಲ್ಲದ ಕೊಳ. ಈವರೆಗೆ ಅದರಲ್ಲಿ ಒಂಬತ್ತು ಹೆಣ ಮುಳುಗಿಸಿದ್ದರು.

ಭಾನುವಾರ ಏಳು ಗಂಟೆಗೇ ಬಾಗಿಲು ಬಡಿಯಿತು. ಹೊರಗೆ ಲೈಬ್ರರಿ ಮೇಡಂ, ಔಷಧಿ ಅಂಗಡಿಯವರು, ಕೋಲೂರಿಕೊಂಡ ನಿವೃತ್ತ ಹೆಡ್ಮಾಸ್ಟರು.

"ಇವತ್ತು ನಿಮ್ಮ ಜೊತೆ ನಾವೂ ಹತ್ತೋಣ ಅಂತ ಬಂದ್ವಿ. ಆ ಕೊಳ ಒಂದ್ಸಲ ತೋರಿಸಿ ಸಾರ್" ಎಂದರು ಮೇಡಂ. ಕೈಯಲ್ಲಿ ಹೂವಿನ ಗೊಂಚಲು.

"ಇವತ್ತು ಯಾಕೋ ಮಂಡಿನೋವು..."

"ಚಿಂತೆ ಬೇಡ!" ಔಷಧಿ ಅಂಗಡಿಯವರು ಜೇಬಿನಿಂದ ಮುಲಾಮು ತೆಗೆದರು.

ಅಷ್ಟರಲ್ಲಿ ಹೆಂಡತಿ ಚಪ್ಪಲಿ ಮೆಟ್ಟಿಕೊಂಡೇ ಬಂದಳು. "ನಾನೂ ಬರ್ತೀನಿ ರೀ. ನೀವು ದಿನಾ ಬೆಳಗ್ಗೆ ಹೋಗೋ ಜಾಗ ನಾನೂ ನೋಡ್ಬೇಕು." ದಿನಾ ಎಂಟು ಗಂಟೆಗೆ ಹೊದಿಕೆ ಎಳೆದು ಅವರನ್ನು ಎಬ್ಬಿಸುವವಳು ಅವಳೇ. ಆದರೂ ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ.

ಗುಮಾಸ್ತರು ಮುಂದೆ, ಮಿಕ್ಕವರು ಹಿಂದೆ. ಮೊದಲ ದಾರಿ ಮುಳ್ಳಿನ ಪೊದೆಗೆ ಹೋಗಿ ನಿಂತಿತು, ಎರಡನೆಯದು ಯಾರದೋ ಹಿತ್ತಲಿಗೆ.

"ನಿಮ್ಮ ಕಾದಂಬರಿಯ ಗುಹೆ ಇಲ್ಲೇ ಇರಬೇಕಲ್ಲ?" ಹೆಡ್ಮಾಸ್ಟರು ಕೇಳಿದರು.

"ಮುಚ್ಚಿಹೋಯ್ತು."

"ಮರದ ಸೇತುವೆ?"

"ಕೊಚ್ಚಿಹೋಯ್ತು."

"ಯಾವ ನೀರಲ್ಲಿ? ಇಲ್ಲಿ ಹೊಳೆಯೇ ಇಲ್ವಲ್ಲ!"

ಗುಮಾಸ್ತರ ಎದೆ ತಿದಿಯ ಹಾಗೆ ಏರಿಳಿಯುತ್ತಿತ್ತು. ಪಕ್ಕದ ಬಂಡೆಗೆ ಕೆನ್ನೆ ಒತ್ತಿ ಒರಗಿಬಿಟ್ಟರು.

"ಶ್! ಮಾತಾಡಬೇಡಿ. ಕೇಳಿಸ್ಕೊಳ್ತಾ ಇದಾರೆ" ಎಂದು ಮೇಡಂ ಪಿಸುಗುಟ್ಟಿದರು. ಮೂವರೂ ಭಕ್ತಿಯಿಂದ ಉಸಿರು ಬಿಗಿಹಿಡಿದು ನಿಂತರು. ಭೂಮಿ ಬಾಯ್ಬಿಡಬಾರದೇ ಅನ್ನಿಸಿತು ಗುಮಾಸ್ತರಿಗೆ.

ತುದಿ ತಲುಪಿದಾಗ ಎದುರಿಗೆ ಕಂಡದ್ದು ಒಣ ಹಾಸುಬಂಡೆ, ಎರಡು ಮೇಕೆ. ಕೊಳವಿರಲಿ, ಕಾಲು ತೊಳೆಯುವಷ್ಟೂ ನೀರಿಲ್ಲ. ಆ ನೀಲಿ ಚುಕ್ಕೆ ಯಾರೋ ಪೆನ್ನು ಕೊಡವಿದಾಗ ಬಿದ್ದ ಮಸಿ ಎಂದು ಅವರಿಗೆ ಆ ಗಳಿಗೆಯಲ್ಲಿ ಹೊಳೆಯಿತು. ಅದು ತಮ್ಮ ಪೆನ್ನೇ ಇರಬಹುದು ಎಂದೂ ಹೊಳೆಯಿತು.

"ಕೊಳ ಎಲ್ಲಿ ಸಾರ್?" ಮೇಡಂ ಮೆಲ್ಲಗೆ ಕೇಳಿದರು. "ನಿಮ್ಮ ಐದನೇ ಕಾದಂಬರಿಯ ಹುಡುಗಿ ಮುಳುಗಿದಾಗ ಎರಡು ದಿನ ಊಟ ಸೇರಲಿಲ್ಲ ನಂಗೆ. ಅವಳಿಗೇ ಅಂತ ಈ ಹೂವು."

ಆ ಹೂವಿನ ಎದುರು ಇನ್ನೊಂದು ಸುಳ್ಳು ಹೊರಡಲಿಲ್ಲ. ಗುಮಾಸ್ತರು ತಲೆ ತಗ್ಗಿಸಿ, ನಕಾಶೆ, ಮಸಿ, ಎಂಟು ಗಂಟೆವರೆಗಿನ ನಿದ್ದೆ, ಎಲ್ಲವನ್ನೂ ಒಪ್ಪಿಕೊಂಡರು. "ನಾಚಿಕೆ ಆಗ್ತಿದೆ. ಕ್ಷಮಿಸಿಬಿಡಿ."

ಮೊದಲು ಮೇಕೆಯೊಂದು ಮ್ಯಾ ಅಂದಿತು. ಆಮೇಲೆ ಹೆಡ್ಮಾಸ್ಟರು ಗೊಳ್ಳನೆ ನಕ್ಕು ಅವರ ಬೆನ್ನು ತಟ್ಟಿದರು. "ಹೋಗ್ಲಿ ಬಿಡ್ರಿ! ನಲವತ್ತು ವರ್ಷದಿಂದ ಇದೇ ಊರಲ್ಲಿದೀವಿ, ನಾವು ಯಾವಾಗ ಹತ್ತಿದ್ವಿ?"

ಮೇಡಂ ಕಣ್ಣೊರೆಸಿಕೊಂಡರು. "ಬೆಟ್ಟ ಸುಳ್ಳಾದ್ರೆ ಆಗ್ಲಿ ಸಾರ್. ಆದ್ರೆ ಆ ಜನ? ಎಷ್ಟು ಜೀವಂತವಾಗಿದ್ರು! ಅವರೂ ಸುಳ್ಳಾ?"

ಎದೆಯ ಭಾರ ಇಳಿದ ಗುಮಾಸ್ತರಿಗೆ ಸತ್ಯದ ರುಚಿ ಹತ್ತಿತ್ತು. "ಛೆ ಛೆ, ಜನ ಒಬ್ಬರೂ ಸುಳ್ಳಲ್ಲ! ಬೆಟ್ಟ ನೋಡದಿದ್ರೇನು, ನಿಮ್ಮನ್ನ ದಿನಾ ನೋಡ್ತಿದ್ದೆನಲ್ಲ. ಒಬ್ಬೊಬ್ಬರನ್ನೂ ಇದ್ದ ಹಾಗೇ ಇಳಿಸಿದೀನಿ!"



"ಹಾಗಾದ್ರೆ..." ಔಷಧಿ ಅಂಗಡಿಯವರು ನಿಧಾನವಾಗಿ ಕೇಳಿದರು, "ಸುಳ್ಳು ಹೇಳೋ ಮುಂಚೆ ಕಿವಿ ಕೆರ್ಕೊಳ್ಳೋ ಆ ವಿಷ ಹಾಕೋನು?" ಕೇಳುತ್ತಲೇ ಕಿವಿಯ ತನಕ ಹೋಗಿದ್ದ ಕೈಯನ್ನು ಥಟ್ಟನೆ ಇಳಿಸಿದರು.

"ಭಾಷಣದಲ್ಲಿ ಮೈಕು ಬಿಡದಿದ್ದಕ್ಕೆ ಕೊಲೆಯಾದ ಮುದುಕ?" ಹೆಡ್ಮಾಸ್ಟರ ನಗು ಆರಿಹೋಗಿತ್ತು. "ಕೊಂದವನಿಗೆ ಊರೆಲ್ಲ ಸನ್ಮಾನ ಮಾಡ್ತಲ್ಲ, ಆ ಮುದುಕ?"

"ಅಂದ್ರೆ ಆ ಮುಳುಗಿದ ಹುಡುಗಿ ನಾನೇನಾ?" ಎಂದರು ಮೇಡಂ. ಹೂವಿನ ಗೊಂಚಲನ್ನು ಮೇಕೆಯ ಮುಂದೆ ಹಾಕಿ ಇಳಿಯತೊಡಗಿದರು. ಇಬ್ಬರು ಗಂಡಸರೂ ಹಿಂದೆಯೇ ಹೊರಟರು.

ಉಳಿದದ್ದು ಹೆಂಡತಿ. "ರೀ, ನಿಮ್ಮ ಪತ್ತೇದಾರನ ಹೆಂಡತಿ ಒಬ್ಬಳಿದಾಳಲ್ಲ, ಗಂಡನಿಗೆ ಒಂದು ಮಾತೂ ಪೂರ್ತಿ ಆಡೋಕೆ ಬಿಡದವಳು. ಅವಳು ಯಾರು?"

"ಅದು ಹಾಗಲ್ಲ ಕಣೇ, ನಾನು ಏನು ಹೇಳ್ತಿದ್ದೆ ಅಂದ್ರೆ..."

"ಗೊತ್ತಾಯ್ತು ಬಿಡಿ" ಎಂದು ಅವಳು ತಿರುಗಿ ನೋಡದೆ ಇಳಿದು ಹೋದಳು.