ಐದನೇ ಕ್ಲಾಸಿಗೇ ಬಿಟ್ಟವರು

ಹೆಣ್ಣುಮಕ್ಕಳು ಐದನೇ ಕ್ಲಾಸಿಗೇ ಶಾಲೆ ಬಿಡುವುದೇಕೆ ಎಂಬುದು ನನ್ನ ಪಿಎಚ್.ಡಿ. ವಿಷಯ. ಎಂಬತ್ತರ ದಶಕದಲ್ಲಿ ಪ್ರಶ್ನಾವಳಿಯ ಚೀಲ ಹೆಗಲಿಗೇರಿಸಿ ಕೊಯಮತ್ತೂರಿನ ಸುತ್ತಮುತ್ತ ಅಲೆದೆ. ಹೋದಲ್ಲೆಲ್ಲ ಪಾಠ ಕಲಿತವಳು ನಾನೇ.

ಅಕ್ಕಿಯ ಅಳತೆ

ವೆಳ್ಳಕೋಯಿಲ್ ಕಡೆಯ ಒಂದು ಶಾಲೆ. ಹಾಜರಿ ಪುಸ್ತಕದಲ್ಲಿ ನೂರಾ ಹನ್ನೆರಡು ಮಕ್ಕಳು. ಮಧ್ಯಾಹ್ನದ ಊಟ ಬೇಯಿಸುವ ಆಯಮ್ಮ ಬಾಗಿಲಲ್ಲಿ ನಿಂತು ಪ್ರಾರ್ಥನೆಯ ಸಾಲನ್ನೊಮ್ಮೆ ನೋಡಿ, “ಎಂಬತ್ತೇಳು” ಎಂದು ಅಕ್ಕಿ ಅಳೆದರು. ನಾನು ತಲೆ ಎಣಿಸಿದೆ. ಎಂಬತ್ತೇಳೇ!

“ಹೆಂಗೆ ಗೊತ್ತಾಯ್ತು?”

“ಇವತ್ತು ಸಂತೆ ಅಮ್ಮಣಿ. ಅವ್ವಂದಿರು ಸಂತೆಗೆ ಹೋದ್ರೆ ಕೂಸು ನೋಡ್ಕೊಳ್ಳೋ ಹುಡುಗೀರು ಬರಲ್ಲ.”

ಎರಡು ವಾರ ಅಲ್ಲೇ ಕೂತು ನೋಡಿದೆ. ಒಂದು ದಿನವೂ ಆಕೆಯ ಲೆಕ್ಕ ತಪ್ಪಲಿಲ್ಲ. ಕೈಮುಗಿಯಬೇಕೆನಿಸಿತು. ನನ್ನ ಮಾರ್ಗದರ್ಶಕರಿಗೆ ಹೇಳಿದೆ. ಅವರು ಕನ್ನಡಕ ತೆಗೆದು, “ಪಿಎಚ್.ಡಿ. ಸೀಟು ಆಕೆಗೆ ಕೊಡೋಣ. ನಿಮಗೆ ಸಾಂಬಾರು ಮಾಡೋಕೆ ಬರುತ್ತಾ?” ಎಂದರು.

ಅರವತ್ನಾಲ್ಕು ಪ್ರಶ್ನೆ

ತೊಂಡಾಮುತ್ತೂರಿನ ಒಂದು ತೋಟದ ಮನೆ. ಭೂಮಿ ಎಷ್ಟು, ದನ ಎಷ್ಟು, ಮಗಳಿಗೆ ವಯಸ್ಸೆಷ್ಟು, ಎಷ್ಟು ಓದಿದ್ದಾಳೆ, ಏನೇನು ಕೆಲಸ ಬರುತ್ತೆ ಎಂದು ಪ್ರಶ್ನಾವಳಿಯ ಪ್ರಕಾರವೇ ಕೇಳುತ್ತಾ ಹೋದೆ. ಮನೆಯವರ ಮುಖ ಅರಳುತ್ತಾ ಹೋಯಿತು. ಹತ್ತನೇ ಪ್ರಶ್ನೆಗೆ ಕಾಫಿ ಬಂತು. ಇಪ್ಪತ್ತಕ್ಕೆ ಕೇಸರಿಬಾತು. ಮೂವತ್ತಕ್ಕೆ ಹದಿನೆಂಟರ ಮಗಳೇ ಮಲ್ಲಿಗೆ ಮುಡಿದು ಬಂದು ಕಾಲಿಗೆ ಬಿದ್ದಳು. ಇಷ್ಟು ಪ್ರೀತಿಯಿಂದ ಸಂಶೋಧನೆಗೆ ಸಹಕರಿಸಿದವರನ್ನು ನಾನು ಕಂಡೇ ಇರಲಿಲ್ಲ.

ಕೊನೆಯ ಉತ್ತರ ಬರೆದುಕೊಂಡಾಗ ಅಜ್ಜಿ ಹತ್ತಿರ ಸರಿದು ಕೇಳಿದರು: “ಎಲ್ಲಾ ಸರಿ ಅಮ್ಮಣಿ, ನಿಮ್ಮಣ್ಣ ಏನ್ ಕೆಲ್ಸ ಮಾಡ್ತಾರೆ?”

ಕೂಡಿಸುವ ಲೆಕ್ಕ

ತಿರುಪ್ಪೂರಿನ ಹತ್ತಿರದ ನೇಕಾರರ ಬೀದಿಯಲ್ಲಿ ನಮ್ಮಂತೆಯೇ ಕನ್ನಡ ಮಾತಾಡುವ ಒಂದು ಮನೆ. ಐದನೇ ಕ್ಲಾಸಿಗೆ ಬಿಡಿಸಿದ ಹುಡುಗಿ ರಾಟೆಯಲ್ಲಿ ನೂಲು ಸುತ್ತುತ್ತಿದ್ದಳು. ಅವಳನ್ನು ಮತ್ತೆ ಶಾಲೆಗೆ ಕಳಿಸಿ ಎಂದು ಅಪ್ಪನಿಗೆ ಅರ್ಧ ಗಂಟೆ ಬೋಧಿಸಿದೆ. ಸರ್ಕಾರದ ಯೋಜನೆಗಳನ್ನೆಲ್ಲ ವಿವರಿಸಿದೆ. ಆತ “ಆಗ್ಲಿ ಅಮ್ಮಣಿ” ಅನ್ನುತ್ತಲೇ ಮಗ್ಗದಲ್ಲಿ ಲಾಳಿ ಓಡಿಸುತ್ತಿದ್ದ. ಇಷ್ಟು ವರ್ಷಗಳ ನನ್ನ ಓದಿನಿಂದ ಒಂದು ಮಗುವೂ ಶಾಲೆಗೆ ಮರಳಿರಲಿಲ್ಲ. ಬೇಸರವಾಗಿ ಸುಮ್ಮನೆ ಕೂತು, ಬೆಳಗಿನಿಂದ ತಾಳೆಯಾಗದ ಒಂದು ಪಟ್ಟಿಯನ್ನು ನಾಲ್ಕನೇ ಸಲ ಕೂಡಿಸತೊಡಗಿದೆ.

“ಅಕ್ಕಾ, ಮೂರನೇ ಸಾಲಲ್ಲಿ ಹದಿನಾಲ್ಕು ಬಿಟ್ಟಿದ್ದೀರಿ” ಎಂದಳು ಹುಡುಗಿ. ರಾಟೆ ನಿಲ್ಲಿಸಿರಲಿಲ್ಲ. ಎದುರಿಗೆ ಕೂತಿದ್ದವಳು ಅಂಕಿಗಳನ್ನು ತಲೆಕೆಳಗಾಗಿಯೇ ಓದಿದ್ದಳು! ಹದಿನಾಲ್ಕು ಸೇರಿಸಿದೆ. ಪಟ್ಟಿ ತಾಳೆಯಾಯಿತು.

ಮಗ್ಗ ನಿಂತಿತು. ಅಪ್ಪ ನನ್ನನ್ನೂ ಮಗಳನ್ನೂ ನೋಡಿದ.

“ಇದನ್ನ ಬರೆದ್ರೆ ನಿಮ್ಗೆ ಡಾಕ್ಟರ್ ಪಟ್ಟ ಕೊಡ್ತಾರಾ?”

“ಹೌದು.”

“ಕೂಡಿಸೋಕೆ ಬರ್ದೇ ಇದ್ರೂ?”

“ಹ್ಞೂಂ” ಅಂದೆ, ತಲೆ ತಗ್ಗಿಸಿ.

ಆತ ಒಳಗಿದ್ದ ಹೆಂಡತಿಗೆ ಕೂಗಿ ಹೇಳಿದ: “ಏ, ನಾಳೆಯಿಂದ ಪಾಪು ಮತ್ತೆ ಪಳ್ಳಿಕೂಡಕ್ಕೆ ಹೋಗ್ಲಿ. ನೂಲು ನಾನೇ ಸುತ್ಕೋತೀನಿ. ಇವ್ರೇ ಓದ್ನಲ್ಲಿ ಇಷ್ಟು ದೂರ ಬಂದವ್ರೆ ಅಂದ್ರೆ, ನಮ್ ಹುಡುಗೀನ ತಡೆಯೋರು ಯಾರು?”